ಮಿಣುಕುವ ಪರದೆ: ದೋಷವೆಲ್ಲಿದೆ?

ಶಹಾಪುರ ತಾಲೂಕಿನ ವನದುರ್ಗದಲ್ಲಿ ಹಳೆಯ ಕೋಟೆಯೊಂದಿದೆ. ಇಂತಹ ಕೋಟೆಗಳಲ್ಲಿ ಕಲ್ಲಿನ ಗೋಡೆ ತಲೆಮಾರುಗಳ ಬಿಸಿಲುಮಳೆಗಳನ್ನು ತಾಳಿಕೊಂಡು ನಿಲ್ಲುತ್ತದೆ. ದಿನವೂ ತೆರೆದು ಮುಚ್ಚುವ ಬಾಗಿಲಿನ ತಿರುಗಣಿಯಾದರೋ ಬಹುಬೇಗ ಸವೆಯುತ್ತದೆ. ಚಲಿಸುವ ಭಾಗವೇ ಮೊದಲು ಸವೆಯುವುದೆಂಬ ಈ ನಿಯಮವು ಇಂದಿನ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೂ ಅನ್ವಯಿಸುತ್ತದೆ.

ಲ್ಯಾಪ್‌ಟಾಪಿನ ಪರದೆ ಮಿಣುಕತೊಡಗಿದೊಡನೆ “ಪರದೆಯೇ ಹೋಯಿತು” ಎಂದು ನಾವು ಭಾವಿಸುತ್ತೇವೆ. ಹೊಸ ಪರದೆಯ ಬೆಲೆ ಅಲ್ಪವಲ್ಲ. ಹಳ್ಳಿಯಿಂದ ಶಹಾಪುರಕ್ಕೋ ಯಾದಗಿರಿಗೋ ಅದನ್ನು ಹೊತ್ತೊಯ್ದು, ಪರೀಕ್ಷೆಯ ದಿನಗಳಲ್ಲಿ ಓದು ನಿಲ್ಲಿಸಿ ಕಾಯುವ ಕಷ್ಟ ಬೇರೆ. ಎಷ್ಟೋ ವೇಳೆ ಪರದೆ ನಿರ್ದೋಷಿಯಾಗಿಯೇ ಇರುತ್ತದೆ.

ಚಿತ್ರ ಮೂಡುವ ಬಗೆಯನ್ನು ಮೊದಲು ನೋಡೋಣ. ಸಾಮಾನ್ಯ ಲ್ಯಾಪ್‌ಟಾಪಿನ ಪರದೆಯಲ್ಲಿರುವ ದ್ರವಸ್ಫಟಿಕವು ತಾನಾಗಿ ಬೆಳಗುವುದಿಲ್ಲ. ಹಿಂಬದಿಯ ಎಲ್‌ಇಡಿ ದೀಪಗಳ ಬೆಳಕನ್ನು ಅದು ಅಲ್ಲಲ್ಲಿ ಬಿಡುತ್ತದೆ, ಅಲ್ಲಲ್ಲಿ ತಡೆಯುತ್ತದೆ. ಬಹುತೇಕ ಯಂತ್ರಗಳಲ್ಲಿ ಈ ಚಿತ್ರವು ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಇದಕ್ಕೆ ಬೇಕಾದ ಸಂಜ್ಞೆಗಳೂ ದೀಪದ ವಿದ್ಯುತ್ತೂ ಬರುವುದು ಬಿಜಾಗರಿಯ ಪಕ್ಕದಲ್ಲಿ ಹಾಯುವ ತೆಳ್ಳನೆಯ ಕೇಬಲ್ಲಿನ ಮೂಲಕ. ಮುಚ್ಚಳ ತೆರೆದಾಗಲೆಲ್ಲ ಆ ಕೇಬಲ್ಲು ಬಾಗುತ್ತದೆ.

ಹಾಗಾದರೆ ದೋಷವನ್ನು ಕಂಡುಹಿಡಿಯುವುದು ಹೇಗೆ? ಯಂತ್ರವನ್ನು ಬಿಚ್ಚದೆಯೇ ಐದು ಪರೀಕ್ಷೆಗಳನ್ನು ಮಾಡಬಹುದು.

ಒಂದು: ವಿಂಡೋಸ್ ತೆರೆಯುವ ಮೊದಲೇ ಕಾಣುವ ಬಯಾಸ್ ಪುಟದಲ್ಲಿಯೂ ಮಿಣುಕಿದರೆ ದೋಷವು ಬಹುಶಃ ಯಂತ್ರಾಂಗದಲ್ಲಿದೆ, ಅಲ್ಲಿ ಸ್ಥಿರವಾಗಿದ್ದರೆ ತಂತ್ರಾಂಶವನ್ನು ಮೊದಲು ಸಂಶಯಿಸಬೇಕು.

ಎರಡು: ಎಚ್‌ಡಿಎಂಐ ತಂತಿಯಿಂದ ಮನೆಯ ಟೀವಿಗೆ ಜೋಡಿಸಿರಿ. ಟೀವಿಯ ಚಿತ್ರ ಸ್ಥಿರವಾಗಿದ್ದರೆ ದೋಷವು ಪರದೆ, ಕೇಬಲ್ಲು, ದೀಪ ಇವುಗಳಲ್ಲೊಂದರದು. ಎರಡೂ ಕಡೆ ಮಿಣುಕಿದರೆ ಒಳಗಿನ ಚಿತ್ರ ರಚಿಸುವ ಚಿಪ್ಪಿನತ್ತ ಗಮನ ಹರಿಸಬೇಕು.

ಮೂರು: ಮುಚ್ಚಳವನ್ನು ಮೆಲ್ಲನೆ ಹಿಂದುಮುಂದಾಗಿ ಸರಿಸಿರಿ. ಕೋನ ಬದಲಾದಂತೆ ಮಿಣುಕು ಹೆಚ್ಚಿ ತಗ್ಗಿದರೆ ಅಪರಾಧಿ ಕೇಬಲ್ಲೇ ಎಂದು ಊಹಿಸಬಹುದು.

ನಾಲ್ಕು: ಪರದೆ ಕಪ್ಪಾದಾಗ ಓರೆಯಾಗಿ ಟಾರ್ಚು ಬಿಡಿರಿ. ಮಸುಕಾದ ಚಿತ್ರ ಕಂಡರೆ ಸ್ಫಟಿಕವು ಕೆಲಸ ಮಾಡುತ್ತಿದೆ. ಆರಿರುವುದು ಹಿಂಬದಿಯ ದೀಪ.

ಐದು: ಚಾರ್ಜರ್ ತೆಗೆದೊಡನೆ ಮಿಣುಕು ನಿಂತರೆ ಚಾರ್ಜರನ್ನಾಗಲಿ ಅದಕ್ಕೆ ಬರುವ ವಿದ್ಯುತ್ತನ್ನಾಗಲಿ ಪರೀಕ್ಷಿಸಬೇಕು.

ದೊಡ್ಡ ಕಂಪನಿಗಳಿಗೂ ಈ ಸಮಸ್ಯೆ ತಪ್ಪಿದ್ದಲ್ಲ. ಆಪಲ್ ಸಂಸ್ಥೆಯು 2016ರಲ್ಲಿ ಹೊರತಂದ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಯಂತ್ರಗಳಲ್ಲಿ ಪರದೆಯ ತೆಳು ಕೇಬಲ್ಲು ತೆರೆದು ಮುಚ್ಚಿದಂತೆ ಸವೆದು ದೀಪ ಕೆಡುತ್ತಿತ್ತು. 2018ರ ಮಾದರಿಯಲ್ಲಿ ಆ ಕೇಬಲ್ಲು ಸುಮಾರು 2 ಮಿಲಿಮೀಟರ್ ಉದ್ದವಾಯಿತು. 2019ರ ಮೇ ತಿಂಗಳಲ್ಲಿ ಸಂಸ್ಥೆಯು ಅರ್ಹ ಯಂತ್ರಗಳಿಗೆ ಉಚಿತ ದುರಸ್ತಿಯನ್ನು ಘೋಷಿಸಿತು. ಇನ್ನು ಚಿಪ್ಪಿನ ಮಾತು. 2008ರ ಜುಲೈಯಲ್ಲಿ ಎನ್‌ವಿಡಿಯಾ ಸಂಸ್ಥೆಯು ಲ್ಯಾಪ್‌ಟಾಪುಗಳ ಕೆಲವು ಚಿಪ್ಪುಗಳು ಜೋಡಣೆಯ ವಸ್ತು ದುರ್ಬಲವಾದುದರಿಂದ ಕೆಡುತ್ತಿವೆಯೆಂದು ತಿಳಿಸಿ, ಅದರ ವೆಚ್ಚಕ್ಕಾಗಿ 15ರಿಂದ 20 ಕೋಟಿ ಡಾಲರು ತೆಗೆದಿರಿಸಿತು. ಪದೇ ಪದೇ ಕಾದು ತಣಿಯುವ ಬೆಸುಗೆ ಬಿರುಕು ಬಿಡುವುದು ಸಹಜ.

ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಯಾದಗಿರಿ ಸೀಮೆಯಲ್ಲಿ ಈ ಮಾತನ್ನು ಮರೆಯಲಾಗದು. ಯಂತ್ರವನ್ನು ಹಾಸಿಗೆಯ ಮೇಲಿಡದೆ ಹಲಗೆಯ ಮೇಲಿಟ್ಟು, ಗಾಳಿಕಿಂಡಿಯ ಧೂಳನ್ನು ತೆಗೆಯಬೇಕು. ಮುಚ್ಚಳವನ್ನು ಮೂಲೆ ಹಿಡಿದೆಳೆಯದೆ ನಡುವೆ ಹಿಡಿದೆತ್ತಬೇಕು. ಬ್ಯಾಟರಿ ಉಬ್ಬಿದ್ದು ಕಂಡರೆ ಬಳಕೆ ನಿಲ್ಲಿಸಿ, ಚುಚ್ಚದೆ ಒತ್ತದೆ ಬಲ್ಲವರಿಗೆ ಒಪ್ಪಿಸಬೇಕು.

ದುರಸ್ತಿಯವನಲ್ಲಿಗೆ ಹೋದಾಗ “ಪರದೆ ಹಾಳಾಗಿದೆ” ಎನ್ನುವ ಬದಲು “ಟೀವಿಯಲ್ಲಿ ಚಿತ್ರ ಸರಿಯಿದೆ, ಮುಚ್ಚಳ ಸರಿಸಿದರೆ ಮಿಣುಕುತ್ತದೆ” ಎಂದು ಹೇಳಬಲ್ಲವನು ಕೇಬಲ್ಲಿನ ಬೆಲೆಗೆ ಕೆಲಸ ಮುಗಿಸಿಕೊಂಡು ಬರುವ ಸಂಭವವೇ ಹೆಚ್ಚು.