ರಾಷ್ಟ್ರಪತಿ ಚುನಾವಣೆಯ ಪ್ರಚಾರ ನಮ್ಮ ಬೀದಿಗೇಕೆ ಬರುವುದಿಲ್ಲ?

ಪ್ರಶ್ನೆ: ಕೊಚ್ಚಿಯಲ್ಲಿ ನೆಲೆಸಿರುವ ಕನ್ನಡಿಗ ನಾನು. ರಾಷ್ಟ್ರಪತಿ ಅಭ್ಯರ್ಥಿಗಳು ನಮ್ಮಂಥ ಮತದಾರರನ್ನು ಏಕೆ ಕೇಳುವುದಿಲ್ಲ?

ಉತ್ತರ: ಕೇಳಿ ಪ್ರಯೋಜನವಿಲ್ಲ, ನಿಮಗೆ ಮತವೇ ಇಲ್ಲವಲ್ಲ! ಸಂವಿಧಾನದ 54ನೇ ವಿಧಿಯಂತೆ ಮತ ಹಾಕುವವರು ಚುನಾಯಿತ ಸಂಸದರು ಮತ್ತು ಶಾಸಕರು. ಹಾಗಾಗಿ 2022ರಲ್ಲಿ ವಿರೋಧ ಪಕ್ಷಗಳ ಅಭ್ಯರ್ಥಿ ಯಶವಂತ ಸಿನ್ಹಾ ಪ್ರಚಾರ ಆರಂಭಿಸಲು ತಿರುವನಂತಪುರಕ್ಕೆ ಬಂದಾಗ ಅವರಿಗೆ ಬೇಕಿದ್ದದ್ದು 140 ಶಾಸಕರು. ರೋಡ್ ಶೋ ಯಾರಿಗೆ ಬೇಕು? ಅಲ್ಲಿ ಸದಾ ಕಿತ್ತಾಡುವ ಎಡರಂಗ (ಎಲ್‌ಡಿಎಫ್), ಐಕ್ಯರಂಗ (ಯುಡಿಎಫ್) ಎರಡೂ ಅವರ ಬೆನ್ನಿಗಿದ್ದವು. ಎನ್‌ಡಿಎಗೆ ಒಬ್ಬ ಶಾಸಕನೂ ಇರಲಿಲ್ಲ. ಆದರೂ ಎಣಿಕೆಯಲ್ಲಿ ಎನ್‌ಡಿಎ ಅಭ್ಯರ್ಥಿ ದ್ರೌಪದಿ ಮುರ್ಮು ಅವರಿಗೆ ಕೇರಳದಿಂದ ಒಂದು ಮತ ಬಿದ್ದಿತ್ತು! ಯಾರದು? ಗುಪ್ತ ಮತದಾನ, ಪಕ್ಷಗಳು ವಿಪ್ ಹೊರಡಿಸುವಂತೆಯೂ ಇಲ್ಲ. ಪತ್ತೆ ಹಚ್ಚುವ ಬಗೆಯೇ ಇಲ್ಲ, ಇರಲೂಬಾರದು ಎನ್ನುವವನು ನಾನು.

ಆ ಒಂದು ಮತದ ಮೌಲ್ಯ 152. ಕರ್ನಾಟಕದ ಶಾಸಕರದು 131. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ, ಮತ್ತೆ ಸಾವಿರದಿಂದ ಭಾಗಿಸಿದರೆ ಬರುವ ಲೆಕ್ಕವಿದು. ಜನಸಂಖ್ಯೆ ಮಾತ್ರ ಇಂದಿನದಲ್ಲ, 1971ರ ಜನಗಣತಿಯದು. ಕುಟುಂಬ ಯೋಜನೆ ಪಾಲಿಸಿದ ಕೇರಳದಂಥ ರಾಜ್ಯಗಳ ತೂಕ ಇಳಿಯದಿರಲೆಂದು ಹಾಗೆ ತಡೆಹಿಡಿದದ್ದು. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾದಾಗ ಈ ಲೆಕ್ಕ ಮತ್ತೆ ಚರ್ಚೆಗೆ ಬರಲಿದೆ.