ಪುಸ್ತಕದಲ್ಲಿ ರಾಮಾಯಣ ಬರೆದ ಚಿತ್ರಗಾರ ಕೆ. ವೆಂಕಟಪ್ಪ



ಹಂಪಿಯ ಹಜಾರರಾಮ ದೇವಸ್ಥಾನ ನೀವೆಲ್ಲ ನೋಡಿದ್ದೀರಿ. ಗೋಡೆ ತುಂಬ ಸಾಲಾಗಿ ಕಲ್ಲಿನ ಚಿತ್ರಗಳು. ಅಕ್ಷರ ಬಾರದ ನಮ್ಮಜ್ಜಿ ಅದರ ಸುತ್ತ ನಡೆದರೂ ಸಾಕು, ರಾಮಾಯಣ ಓದಿದಂಗೆ. ಇಂಥದೇ ಕೆಲಸವನ್ನು ಕಾಗದದ ಮೇಲೆ ಮಾಡಿದ ನಮ್ಮ ನಾಡಿನ ಚಿತ್ರಗಾರರೊಬ್ಬರ ವಿಷಯ ಈ ಸಲ ಬರೆದಿದ್ದೇನೆ.

ಅವರು ಕೆ. ವೆಂಕಟಪ್ಪ. ಹುಟ್ಟಿದ್ದು 1886ರಲ್ಲಿ, ಮೈಸೂರಿನಲ್ಲಿ. ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಹೆಚ್ಚಿನ ಕಲಿಕೆಗೆ ಕಲ್ಕತ್ತದ ಕಲಾಶಾಲೆಗೆ ಕಳಿಸಿದರು. ಅಲ್ಲಿ ಅವನೀಂದ್ರನಾಥ ಟಾಗೋರರು ಗುರುಗಳು. ಶಾಂತಿನಿಕೇತನದಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ನಂದಲಾಲ ಬೋಸರೂ ಅದೇ ಗುರುಗಳ ಶಿಷ್ಯರು.

ಆಗ ಸೋದರಿ ನಿವೇದಿತಾ ನಮ್ಮ ಪುರಾಣ ಕಥೆಗಳ ಒಂದು ಇಂಗ್ಲಿಷ್ ಪುಸ್ತಕ ಬರೆಯುತ್ತಿದ್ದರು. 1911ರಲ್ಲಿ ಅವರು ತೀರಿಕೊಂಡರು. ಉಳಿದದ್ದನ್ನು ಆನಂದ ಕುಮಾರಸ್ವಾಮಿ ಪೂರ್ತಿ ಮಾಡಿದರು. 1913ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ 32 ಬಣ್ಣದ ಚಿತ್ರಗಳು. ಎಲ್ಲವನ್ನೂ ಬರೆದವರು ಭಾರತದ ಕಲಾವಿದರೇ. ರಾವಣ ಮತ್ತು ಜಟಾಯುವಿನ ಕಾಳಗ, ಮಾರೀಚನ ಸಾವು, ಇಂಥ ರಾಮಾಯಣದ ಚಿತ್ರಗಳು ನಮ್ಮ ವೆಂಕಟಪ್ಪನವರವು.

ಪುಸ್ತಕಕ್ಕೆ ಚಿತ್ರ ಬರೆಯೋದು ಸುಲಭ ಅಲ್ಲ. ದೇವಸ್ಥಾನದ ಗೋಡೆಗೆ ಜಾಗ ಬಹಳ, ಕಥೆಯನ್ನೆಲ್ಲ ಕೆತ್ತಬಹುದು. ಪುಸ್ತಕದಲ್ಲಿ ಒಂದು ಪ್ರಸಂಗಕ್ಕೆ ಒಂದೇ ಪುಟ. ಆದ್ದರಿಂದ ಚಿತ್ರಗಾರ ಮೊದಲು ಕಥೆ ಚೆನ್ನಾಗಿ ಓದಬೇಕು. ಯಾವ ಗಳಿಗೆ ಬರೆದರೆ ಹಿಂದಿನದೂ ಮುಂದಿನದೂ ಓದುಗನಿಗೆ ಹೊಳೆಯುತ್ತದೆ ಅಂತ ಯೋಚಿಸಬೇಕು. ಜಟಾಯು ಸತ್ತು ಬಿದ್ದದ್ದನ್ನು ಬರೆದರೆ ದುಃಖ ಮಾತ್ರ. ಕಾದಾಡುವುದನ್ನು ಬರೆದರೆ ಸೀತಮ್ಮ ಉಳಿದಾಳೇನೋ ಅನ್ನೋ ಆಸೆ ಇರುತ್ತದೆ. ಆಮೇಲೆ ಏನಾಯ್ತು ಅಂತ ಪುಟ ತಿರುವುತ್ತೇವೆ.

ವೆಂಕಟಪ್ಪನವರು ಮುಂದೆ ಊಟಿಯ ಬೆಟ್ಟ, ಮಂಜುಗಳನ್ನು ಬಣ್ಣದಲ್ಲಿ ಬರೆದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ.

ಕೊನೆಗೆ ಒಂದು ಮಾತು. ಆ ಪುಸ್ತಕದಲ್ಲಿ ಯಾವ ಚಿತ್ರ ಯಾರದು ಅಂತ ಹೆಸರು ಹಾಕಿದ್ದಾರೆ. ಹಾಗಾಗಿಯೇ ನೂರು ವರ್ಷ ಕಳೆದರೂ ಮೈಸೂರಿನ ವೆಂಕಟಪ್ಪ ಯಾರು ಅಂತ ನಮಗೆ ಗೊತ್ತು. ಹಜಾರರಾಮನ ಕಲ್ಲು ಕೆತ್ತಿದವರ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು? ಹೋದ ಸಂಚಿಕೆಯಲ್ಲಿ ನಾವೂ ಹಾಗೇ ಮಾಡಿದೆವು. ಲೇಖನ ಬರೆದವರ ಹೆಸರೆಲ್ಲ ಹಾಕಿ, ತುಂಗಭದ್ರೆಯ ಹರಿಗೋಲಿನ ಚಿತ್ರ ಬಿಡಿಸಿದ ಗೆಳೆಯನ ಹೆಸರು ಬಿಟ್ಟೆವು. ಅವನು ಏನೂ ಅನ್ನಲಿಲ್ಲ, ಆದರೆ ಈ ಸಲ ಚಿತ್ರ ಕೊಡಲಿಲ್ಲ. ಅದಕ್ಕೇ ಈ ಲೇಖನದ ಪಕ್ಕ ಜಾಗ ಖಾಲಿ ಐತಿ.

ಗೆಳೆಯಾ, ತಪ್ಪು ನಮ್ಮದು. ಕಿಷ್ಕಿಂಧೆ ಅಂದರೆ ನಮ್ಮ ಆನೆಗೊಂದಿ ಕಡೆಯ ಬೆಟ್ಟಗಳೇ ಅಂತ ಹಿರಿಯರು ಹೇಳುತ್ತಾರೆ. ಅದನ್ನು ನೀನೇ ಬರೆದುಕೊಡು. ಕೆಳಗೆ ನಿನ್ನ ಹೆಸರು ನಾನೇ ದುಂಡಗೆ ಬರೆಯುತ್ತೇನೆ.