ರೋಬೋಟ್ ಸ್ಪರ್ಧೆಯ ಸೀಸನ್‌ನಲ್ಲಿ ತಂಡಕ್ಕೆ ಏನು ಕೆಲಸ?

ರೋಬೋಟ್ ಸ್ಪರ್ಧೆ ಎಂದರೆ ಎರಡು ಯಂತ್ರಗಳ ಕುಸ್ತಿ ಎಂದುಕೊಂಡವರೇ ನಮ್ಮ ಕಾಲೇಜಿನಲ್ಲಿ ಹೆಚ್ಚು. ಪ್ರೌಢಶಾಲೆಯಲ್ಲಿದ್ದಾಗ ನಾನು ರೋಬೋಟಿಕ್ಸ್ ತಂಡದಲ್ಲಿದ್ದೆ ಎಂದು ತಿಳಿದ ಮೇಲೆ ಪ್ರಥಮ ಪಿಯುಸಿಯ ತಂಗಿಯರು ಕೇಳಿದ್ದೂ ಅದನ್ನೇ: "ಅಕ್ಕಾ, ನಿಮ್ಮ ರೋಬೋಟ್ ಯಾರನ್ನು ಹೊಡೆದು ಹಾಕಿತು?" ಯಾರನ್ನೂ ಇಲ್ಲ. ಹಾಗಾದರೆ ತಿಂಗಳುಗಟ್ಟಲೆ ಏನು ಮಾಡುತ್ತಾರೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಈ ವರ್ಷ ನಮ್ಮ ಕಾಲೇಜಿನಲ್ಲೂ ಒಂದು ತಂಡ ಕಟ್ಟಬಹುದೇ ಎಂಬ ಮಾತು ನಡೆದಿರುವುದರಿಂದ ಇದು ಉಪಯೋಗಕ್ಕೆ ಬರಬಹುದು.

ಉದಾಹರಣೆಗೆ ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಸ್ಪರ್ಧೆಯನ್ನು ತೆಗೆದುಕೊಳ್ಳೋಣ. ಇದು 2004ರಲ್ಲಿ ಶುರುವಾಯಿತು. 2016ರ ಅಂತರರಾಷ್ಟ್ರೀಯ ಸುತ್ತು ದೆಹಲಿಯ ಬಳಿ ನಡೆಯಿತು. ಆ ವರ್ಷದ ವಿಷಯ ಕಸದ ನಿರ್ವಹಣೆ. ನಮ್ಮ ದೇಶದಲ್ಲಿ ಇದನ್ನು ಇಂಡಿಯಾ ಸ್ಟೆಮ್ ಫೌಂಡೇಶನ್ ನಡೆಸುತ್ತದೆ. ತಂಡವೆಂದರೆ ಇಬ್ಬರು ಅಥವಾ ಮೂವರು ವಿದ್ಯಾರ್ಥಿಗಳು, ಜೊತೆಗೊಬ್ಬ ತರಬೇತುದಾರ. 14ರಿಂದ 19 ವರ್ಷದವರು ಸೀನಿಯರ್ ವಿಭಾಗಕ್ಕೆ ಸೇರುತ್ತಾರೆ, ಅಂದರೆ ಪಿಯುಸಿಯವರೂ ಸೇರಬಹುದು.

ಇದರ 'ರೋಬೋಮಿಷನ್' ಎಂಬ ವಿಭಾಗದಲ್ಲಿ ರೋಬೋಟ್ ಹೊರಡುವ ಮುನ್ನ ಉದ್ದ, ಅಗಲ, ಎತ್ತರ ಮೂರರಲ್ಲೂ 25 ಸೆಂ.ಮೀ. ಮೀರುವಂತಿಲ್ಲ. ಮೇಜಿನ ಮೇಲೆ ಚಿತ್ರ ಮುದ್ರಿಸಿದ ಹಾಸು ಇರುತ್ತದೆ. ಅದರ ಮೇಲಿನ ವಸ್ತುಗಳನ್ನು ಬಣ್ಣ ನೋಡಿ ಗುರುತಿಸಿ, ಎತ್ತಿ, ಸರಿಯಾದ ಜಾಗಕ್ಕೆ ಸಾಗಿಸಬೇಕು. ಸಿಗುವ ಸಮಯ ಎರಡೇ ನಿಮಿಷ. ರಿಮೋಟ್ ಬಳಸುವಂತಿಲ್ಲ. ಗುಂಡಿ ಒತ್ತಿದ ಮೇಲೆ ನಾವು ಕೈಕಟ್ಟಿ ನಿಂತು ನೋಡಬೇಕು, ಅಷ್ಟೇ.

ಹಾಗಾಗಿ ಸೀಸನ್‌ನ ಮೊದಲ ಕೆಲಸ ನಿಯಮ ಓದುವುದು. ನಮ್ಮ ತಂಡದಲ್ಲಿ ನಿಯಮದ ಪ್ರತಿಯೊಂದು ಸಾಲಿಗೂ ಎಷ್ಟು ಅಂಕ ಎಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸುತ್ತಿದ್ದೆವು. ಯಾವ ಕೆಲಸ ಸುಲಭ, ಯಾವುದಕ್ಕೆ ಅಂಕ ಜಾಸ್ತಿ ಎಂದು ತೂಗಿ ನೋಡಿದ ಮೇಲೆಯೇ ಕಿಟ್ ಬಿಚ್ಚುತ್ತಿದ್ದುದು.

ಎರಡನೆಯದು, ಚಲನೆ. ಚಕ್ರದ ವ್ಯಾಸ 5.6 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 17.6 ಸೆಂ.ಮೀ. ಆದ್ದರಿಂದ 88 ಸೆಂ.ಮೀ. ಸಾಗಲು ಚಕ್ರ ಐದು ಸುತ್ತು ತಿರುಗಬೇಕು. 'ಮೂರು ಸೆಕೆಂಡ್ ಓಡು' ಎಂದು ಬರೆದರೆ ಆಗದೇ? ಆಗದು. ಬ್ಯಾಟರಿ ಇಳಿದಂತೆ ಮೋಟಾರಿನ ವೇಗವೂ ಇಳಿಯುತ್ತದೆ. ಬೆಳಿಗ್ಗೆ ಮುಟ್ಟಿದ ಗುರಿ ಮಧ್ಯಾಹ್ನ ತಪ್ಪುತ್ತದೆ. ಸುತ್ತು ಎಣಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಮೂರನೆಯದು, ಕಪ್ಪು ಗೆರೆ ಹಿಡಿದು ಹೋಗುವುದು. ಬೆಳಕಿನ ಸೆನ್ಸರ್ ಕಪ್ಪಿನ ಮೇಲೆ 10, ಬಿಳಿಯ ಮೇಲೆ 60 ತೋರಿಸುತ್ತದೆ ಎನ್ನಿ. ನಡುವಿನ ಸಂಖ್ಯೆ 35. ಅದು ಗೆರೆಯ ಅಂಚು. ಸೆನ್ಸರ್ 45 ತೋರಿಸಿದರೆ ರೋಬೋಟ್ ಬಿಳಿಯ ಕಡೆಗೆ ಜಾರಿದೆ, ವ್ಯತ್ಯಾಸ 10. ಆ ವ್ಯತ್ಯಾಸವನ್ನು ಒಂದು ಸಂಖ್ಯೆಯಿಂದ ಗುಣಿಸಿ, ಬಂದಷ್ಟು ತಿರುಗು ಎಂದು ಹೇಳುತ್ತೇವೆ. ವ್ಯತ್ಯಾಸ ಹೆಚ್ಚಿದ್ದರೆ ಹೆಚ್ಚು ತಿರುವು, ಕಡಿಮೆಯಿದ್ದರೆ ಕಡಿಮೆ. ತೋಟದ ಬದುವಿನ ಮೇಲೆ ಸೈಕಲ್ ಹೊಡೆಯುವಾಗ ಹ್ಯಾಂಡಲ್ ತಿದ್ದಿಕೊಳ್ಳುತ್ತೇವಲ್ಲ, ಹಾಗೆಯೇ. ಗುಣಿಸುವ ಸಂಖ್ಯೆ ದೊಡ್ಡದಾದರೆ ರೋಬೋಟ್ ಓಲಾಡುತ್ತದೆ, ಚಿಕ್ಕದಾದರೆ ತಿರುವಿನಲ್ಲಿ ಗೆರೆ ಬಿಡುತ್ತದೆ. ಸರಿಯಾದ ಸಂಖ್ಯೆ ಸಿಗುವುದು ಪ್ರಯೋಗ ಮಾಡಿ ಮಾಡಿಯೇ. ಸ್ಪರ್ಧೆಯ ಹಾಲ್‌ನಲ್ಲಿ ಬೆಳಕು ಬೇರೆ ಇರುವುದರಿಂದ ಅಲ್ಲಿಗೆ ಹೋದ ಕೂಡಲೇ ಕಪ್ಪು, ಬಿಳಿ ಎರಡನ್ನೂ ಮತ್ತೆ ಅಳೆಯಬೇಕು.

ಸ್ಪರ್ಧೆಯ ದಿನ ಬೆಳಿಗ್ಗೆ ಒಂದು ಹೊಸ ನಿಯಮವನ್ನೂ ಪ್ರಕಟಿಸುತ್ತಾರೆ. ಮನೆಯಿಂದ ಉರು ಹೊಡೆದು ತಂದ ಪ್ರೋಗ್ರಾಮ್ ಆಗ ಸಾಲದು. ಬೇರೆಯವರು ಬರೆದುಕೊಟ್ಟ ಕೋಡ್ ತಂದವರು ಸಿಕ್ಕಿಬೀಳುವುದು ಇಲ್ಲೇ. ಪ್ರತಿ ಪ್ರಯೋಗವನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟ ತಂಡಕ್ಕೆ ಎಲ್ಲಿ ತಿದ್ದಬೇಕೆಂದು ಬೇಗ ಹೊಳೆಯುತ್ತದೆ.

ಕಿಟ್ ಇಲ್ಲ, ದುಡ್ಡಿಲ್ಲ, ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುವುದಿಲ್ಲ ಎಂಬ ಮಾತುಗಳು ನಮ್ಮಲ್ಲಿ ಬರುತ್ತವೆ. ಅವು ಸುಳ್ಳು ಕಾರಣಗಳಲ್ಲ. ಆದರೆ 2017ರಲ್ಲಿ ಅಫ್ಘಾನಿಸ್ತಾನದ ಹೆರಾತ್ ನಗರದ ಆರು ಹುಡುಗಿಯರ ಕಥೆ ಓದಿ. ವಾಷಿಂಗ್ಟನ್‌ನಲ್ಲಿ ನಡೆದ ಫಸ್ಟ್ ಗ್ಲೋಬಲ್ ಸ್ಪರ್ಧೆಗೆ ಅವರಿಗೆ ಎರಡು ಬಾರಿ ವೀಸಾ ನಿರಾಕರಿಸಲಾಯಿತು. ಬಿಡಿಭಾಗಗಳು ಕೈಸೇರುವುದೂ ತಡವಾಯಿತು. ಕೊನೆಗೆ ಅನುಮತಿ ಸಿಕ್ಕಿ ಹೋದರು, ಧೈರ್ಯದ ಸಾಧನೆಗಾಗಿ ಬೆಳ್ಳಿ ಪದಕ ತಂದರು. ಅದೇ ವರ್ಷ ಎಸ್ಟೋನಿಯಾದ ರೋಬೋಟೆಕ್ಸ್ ಉತ್ಸವದಲ್ಲಿ, ರೈತರಿಗೆ ನೆರವಾಗುವ ಸೌರಶಕ್ತಿಯ ರೋಬೋಟ್‌ನ ಮಾದರಿಗೆ ಬಹುಮಾನ ಗೆದ್ದರು. ತಮ್ಮ ಊರಿನ ಹೊಲದ ಕೆಲಸವನ್ನೇ ಅವರು ಸ್ಪರ್ಧೆಗೆ ಒಯ್ದಿದ್ದರು.

ನಮ್ಮಲ್ಲಿ ಹಾಗೆ ಒಯ್ಯಲು ಏನಿದೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ಉತ್ತರ ಹೇಳಿಕೊಡಬೇಕಿಲ್ಲ. ಮರ ಹತ್ತುವವರು ಸಿಗುತ್ತಿಲ್ಲ. ಕೇರಳದ ಅಮೃತ ವಿಶ್ವ ವಿದ್ಯಾಪೀಠದವರು ಮರವನ್ನು ಬಳೆಯಂತೆ ಸುತ್ತಿಕೊಂಡು ಏರುವ 'ಅಮರನ್' ಎಂಬ ರೋಬೋಟ್ ಮಾಡಿದ್ದಾರೆ. ಅದನ್ನು ಕೆಳಗೆ ನಿಂತು ಜಾಯ್‌ಸ್ಟಿಕ್‌ನಿಂದ ಅಥವಾ ಮೊಬೈಲ್‌ನಿಂದ ನಡೆಸಬಹುದು. ಅಷ್ಟು ದೊಡ್ಡದು ನಮ್ಮ ಕೈಲಾಗದಿರಬಹುದು. ಆದರೆ ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಯಿ ಗಿಟುಕಾಗಿದೆಯೇ ಎಂದು ಅಬ್ಬಾ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ಹೇಳುತ್ತಾರೆ. ನೀರಿದ್ದರೆ ಒಂದು ಸದ್ದು, ಒಣಗಿ ಚಿಪ್ಪು ಬಿಟ್ಟಿದ್ದರೆ ಗಡಗಡ ಎಂಬ ಇನ್ನೊಂದು ಸದ್ದು. ಮೋಟಾರ್ ಕಾಯನ್ನು ಒಂದೇ ಸಮ ಅಲುಗಾಡಿಸಲಿ, ಮೈಕ್ ಕೇಳಲಿ, ಪುಟ್ಟ ಆರ್ಡುಯಿನೊ ಬೋರ್ಡ್ ಎರಡು ಸದ್ದುಗಳನ್ನು ಬೇರ್ಪಡಿಸಲಿ. ನೂರು ಕಾಯಿ ಒಡೆದು ನೋಡಿ, ಯಂತ್ರ ಎಷ್ಟು ಬಾರಿ ಸರಿ ಹೇಳಿತು, ಅಬ್ಬಾ ಎಷ್ಟು ಬಾರಿ ಸರಿ ಹೇಳಿದರು ಎಂದು ಪಟ್ಟಿ ಮಾಡಿದರೆ ಅದೇ ಪ್ರಾಜೆಕ್ಟ್. ಇಂಥವಕ್ಕೆಂದೇ ಒಲಿಂಪಿಯಾಡ್‌ನಲ್ಲಿ 'ಫ್ಯೂಚರ್ ಇನ್ನೋವೇಟರ್ಸ್' ವಿಭಾಗವಿದೆ.

ಇನ್ನು ಓದಿನ ಪ್ರಶ್ನೆ. ಒಲಿಂಪಿಯಾಡ್‌ನ ನಿಯಮಗಳು ವರ್ಷದ ಆರಂಭದಲ್ಲಿ ಬರುತ್ತವೆ, ಅಂತರರಾಷ್ಟ್ರೀಯ ಸುತ್ತು ನವೆಂಬರ್‌ನಲ್ಲಿ. ನಮ್ಮ ವಾರ್ಷಿಕ ಪರೀಕ್ಷೆ, ಸಿಇಟಿ, ನೀಟ್ ಎಲ್ಲ ಅದಾದ ಮೇಲೆ. ಆದರೂ ದ್ವಿತೀಯ ಪಿಯುಸಿಯವರಿಗೆ ಕಷ್ಟವೇ. ಪ್ರಥಮ ಪಿಯುಸಿಯವರು ತಂಡ ಕಟ್ಟಲಿ, ನಾವು ಶನಿವಾರಗಳಂದು ಹೇಳಿಕೊಡುತ್ತೇವೆ. ಖರ್ಚಿನ ವಿಷಯಕ್ಕೆ, ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾಗುವ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವಿದೆ. ಅದು 6ರಿಂದ 12ನೇ ತರಗತಿಯವರಿಗಾಗಿ. 2025ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷಗಳಲ್ಲಿ ಇನ್ನೂ 50,000 ಲ್ಯಾಬ್‌ಗಳ ಘೋಷಣೆಯಾಗಿದೆ. ಆಡಳಿತ ಮಂಡಳಿಯವರು ಇದನ್ನು ಪರಿಶೀಲಿಸಬೇಕೆಂದು ವಿನಂತಿ.

ಸೇರಲು ಕೋಡಿಂಗ್ ಬರಲೇಬೇಕೆಂದಿಲ್ಲ. ಒಬ್ಬರು ಕಟ್ಟುವವರು, ಒಬ್ಬರು ಪ್ರೋಗ್ರಾಮ್ ಬರೆಯುವವರು, ಒಬ್ಬರು ಅಳೆದು ಬರೆದಿಡುವವರು ಬೇಕು. ವಾಣಿಜ್ಯ, ಕಲಾ ವಿಭಾಗದವರೂ ಬನ್ನಿ. ಆಸಕ್ತರು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹೆಸರು ಕೊಡಿ. ಬರುವಾಗ ಮನೆಯ ಅಟ್ಟದಿಂದ ಎರಡು ಕಾಯಿ ತನ್ನಿ, ಒಂದು ಗಿಟುಕಾದದ್ದು, ಇನ್ನೊಂದು ಆಗದಿರುವುದು.